ಜೋಡಿ ಗುಂಡು

ಬಾ ಚೋಂದವ್ವ, ಈ ಕಡೆ ಕೂತುಕೋ.
ವಿರಾಜಪೇಟೆಯ ಡಾಕ್ಟರು ಮನೆಗೆ ಕರೆದೊಯ್ಯಿರಿ ಅಂದ ಮೇಲೆ
ಉಳಿದದ್ದು ನಮ್ಮ ಕೈಯ ಕೆಲಸ.
ಮೊದಲು ಆ ಗ್ಲೂಕೋಸಿನ ಕಂಬ ಆಚೆಗಿಡು,
ಮಲಗಿದಲ್ಲಿಂದ ಅವನಿಗೆ ಅಂಗಳ ಕಾಣಲಿ.

ಗಂಜಿ ಬೇಡ ಅಂದರೆ ಬೇಡ, ಗೋಗರೆಯಬೇಡ.
ತಿನ್ನದೆ ಸಾಯುತ್ತಿಲ್ಲ ಅವನು,
ಸಾಯುತ್ತಿರುವುದಕ್ಕೆ ತಿನ್ನುತ್ತಿಲ್ಲ.
ಹತ್ತಿ ಅದ್ದಿ ತುಟಿಗೆ ಸವರು,
ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸು,
ಬೆನ್ನಿಗೆ ತೆಂಗಿನೆಣ್ಣೆ, ಬೆರಳ ತುದಿಯಲ್ಲಿ.
ಇನ್ನು ಉಸಿರು ನಿಂತು ನಿಂತು ಬರುತ್ತದೆ,
ಗಂಟಲಲ್ಲಿ ಗೊರಗೊರ.
ಕೇಳುವ ನಮಗೆ ಕಷ್ಟ, ಅವರಿಗೆ ಅಷ್ಟಿಲ್ಲ ಅಂತ
ನರ್ಸು ಫಿಲೋಮಿನಾ ಹೇಳಿದ್ದಳು ನನಗೆ.
ಬೇರೆ ದಾರಿಯಿಲ್ಲದೆ ನಂಬಿದೆ. ನೀನೂ ನಂಬು.

ಕಿವಿ ಎಲ್ಲಕ್ಕಿಂತ ಕೊನೆಗೆ ಮುಚ್ಚುತ್ತದಂತೆ.
ತೋಟದ ಪಾಲಿನ ಮಾತು ಅಡುಗೆಮನೆಯಲ್ಲಿರಲಿ.
ಇಲ್ಲಿ, ಹಾಸಿಗೆಯ ಹತ್ತಿರ,
ಮೆಣಸು ಎಷ್ಟು ಒಣಗಿತು ಹೇಳು,
ಕೆಂಪಿ ನಾಯಿ ಮತ್ತೆ ಹಂದಿಯ ಹಿಂದೆ ಓಡಿದ್ದು ಹೇಳು.
ಬೈಯುವುದಿದ್ದರೆ ಮೆತ್ತಗೆ ಬೈದುಬಿಡು;
ನಲವತ್ತೊಂದು ವರ್ಷದಲ್ಲಿ ಬಾಕಿ ಇರದೆ ಇರುತ್ತದೆಯೇ?

ದೇಚುವನ್ನು ಹೊರಗೆ ನಿಲ್ಲಿಸಬೇಡ.
ತಾತನಿಗೆ ನಿದ್ದೆಯಾ ಅಂತ ಕೇಳಿದರೆ
ಹೌದನ್ನಬೇಡ, ಆಮೇಲೆ ಮಲಗಲು ಹೆದರುತ್ತಾಳೆ.
ಸಾಯುತ್ತಿದ್ದಾರೆ ಅನ್ನು.
ಆರು ವರ್ಷದ ಕೈಗೆ ಅಷ್ಟು ಭಾರ ಹಿಡಿಯಲು ಬರುತ್ತದೆ,
ನೀನು ಇನ್ನೊಂದು ಕೈ ಹಿಡಿದಿದ್ದರೆ.

ನೀನು ಎದ್ದು ಆಚೆ ಹೋದಾಗ ಹೋಗಿಬಿಟ್ಟರೆ...
ಕೇಳು, ಇದನ್ನು ಸರಿಯಾಗಿ ಕೇಳು.
ನನ್ನವರು ಹೋದಾಗ ನಾನು ಹಿತ್ತಲಲ್ಲಿದ್ದೆ.
ಟ್ಯಾಂಕು ತುಂಬಿ ಸುರಿಯುತ್ತಿತ್ತು,
ಪಂಪು ಆರಿಸಲು ಹೋಗಿದ್ದೆ.
ಹನ್ನೆರಡು ವರ್ಷ ಆ ಸ್ವಿಚ್ಚಿನ ಮೇಲೆ
ಕೈಯಿಟ್ಟೇ ನಿಂತಿದ್ದೆ ನಾನು.
ಕೆಲವರಿಗೆ ನಾವು ಎದುರಿದ್ದರೆ ಹೊರಡಲಾಗುವುದಿಲ್ಲ ಚೋಂದವ್ವ,
ಹೆಂಡತಿ ನೋಡುತ್ತಿದ್ದರೆ
ಮೂರನೇ ಪೆಗ್ಗು ಸುರಿಯಲಾಗದ ಹಾಗೆ.

ನಗು ಬಂತಲ್ಲ. ಬರಲಿ.

ಬಿಳಿ ಕುಪ್ಯ ತೆಗೆದು ಬಿಸಿಲಿಗೆ ಹಾಕು,
ಮದುವೆಯದೇ, ಗುಂಡಿ ಭದ್ರವಿದೆಯೇ ನೋಡು.
ಒಲೆ ಹಚ್ಚಬೇಡ, ಅನ್ನ ನಾನು ತರುತ್ತೇನೆ, ತಿನ್ನು.
ಸೌದೆ, ಬಿದಿರು, ಗುದ್ದಲಿ ಊರವರ ಪಾಲು.
ಧೈರ್ಯ ತಗೋ ಅನ್ನುತ್ತ ನಿಂತವರ ಕೈಗೆ
ಒಂದೊಂದು ಕೊಡ ಕೊಡು, ನೀರು ತರಲಿ.

ಇಪ್ಪತ್ತೊಂದು ದಿನದೊಳಗೆ ಪಂಚಾಯಿತಿಗೆ ಹೋಗು.
ಮರಣಪತ್ರಕ್ಕೆ ಹತ್ತು ಜೆರಾಕ್ಸ್ ಮಾಡಿಸು, ಹತ್ತೂ ಸಾಲದು.
ಬ್ಯಾಂಕಿನಲ್ಲಿ ಒಮ್ಮೆ, ಪಿಂಚಣಿಯವರಲ್ಲಿ ಒಮ್ಮೆ,
ಗ್ಯಾಸಿನವನ ಮುಂದೆ ಒಮ್ಮೆ
ಸತ್ತರು ಸತ್ತರು ಅಂತ ನೀನೇ ಹೇಳಬೇಕು.
ತೂಟೆಂಗಳದಲ್ಲಿ ನನಗೆ ಅಳು ಬರಲಿಲ್ಲ.
ಗೋಣಿಕೊಪ್ಪದ ಜೆರಾಕ್ಸ್ ಹುಡುಗ
ಹೆಸರು ಓದಿ, ಕಾಗದ ಜೋಡಿಸಿ,
ದುಡ್ಡು ಬೇಡ ಅತ್ತೆ ಅಂದ.
ಅಲ್ಲಿ, ಬಸ್ ಸ್ಟ್ಯಾಂಡಿನ ಎದುರು, ಬಂತು.

ಮಾದ ಮುಗಿದು ನೆಂಟರ ಜೀಪುಗಳು ಇಳಿದುಹೋದ ಮೇಲೆ
ಬೆಳಿಗ್ಗೆ ಎದ್ದು ಎರಡು ಲೋಟಕ್ಕೇ ಕಾಫಿ ಸೋಸುತ್ತೀಯ.
ಸೋಸು.
ಕುಡಿಯಲು ನಾನು ಬರುತ್ತೇನೆ.

ಇನ್ನು ಕೋವಿ.
ತೋಟಾ ಒದ್ದೆಯಾಗಿಲ್ಲ ತಾನೆ?
ನಿನ್ನ ಮಗಳೇ ಹೊಡೆಯಲಿ,
ಕೈಲ್ ಪೊಳ್ದಿನಲ್ಲಿ ಮರದ ತುದಿಯ ಕಾಯಿ ಬೀಳಿಸಿದವಳು.
ಒಂದು ಗುಂಡಿಗೆ ಗಂಡುಮಗು ಹುಟ್ಟಿತು ಅಂತ,
ಜೋಡಿ ಗುಂಡಿಗೆ ಸಾವು ಅಂತ
ಆಚೆ ಬೆಟ್ಟಕ್ಕೂ ಗೊತ್ತು.
ಅವಳಿಗೆ ಹೇಳಿಟ್ಟಿರು:
ಮೊದಲನೆಯದರ ಬೆನ್ನಿಗೇ ಎರಡನೆಯದು ಬೇಡ,
ಅರೆ ಉಸಿರು ತಡೆಯಲಿ.
ಕಣಿವೆಯುದ್ದಕ್ಕೂ ಜನ
ಕತ್ತಿ ಕೆಳಗಿಟ್ಟು ಕಿವಿಗೊಡುವ
ಅಷ್ಟು ಹೊತ್ತು ಮಾತ್ರ,
ನಮ್ಮ ಪಳಂಗಪ್ಪ
ಈಗಷ್ಟೇ ಹುಟ್ಟಿದವನಾಗಿರಲಿ.